ಕರಡಿಗೆ ಬರೆ

ಅಮ್ಮ ಊರಿನಿಂದ ಕಳಿಸಿದ್ದ ಚಕ್ಕುಲಿಗಳಲ್ಲಿ ಕೊನೆಯ ಹತ್ತು ಹನ್ನೆರಡನ್ನು ತಿಂದದ್ದು ನಾನಲ್ಲ, ಒಂದು ಕರಡಿ. ಈ ಕಥೆಯನ್ನು ಯುಗಾದಿ, ದೀಪಾವಳಿಯ ಕೂಟಗಳಲ್ಲಿ ಎಷ್ಟೋ ಸಲ ಹೇಳಿ ನಾಲ್ಕು ಜನರನ್ನು ನಗಿಸಿದ್ದೇನೆ. ಈಗ ಹೇಳುವುದಿಲ್ಲ. ಯಾಕೆ ಬಿಟ್ಟೆ ಎನ್ನುವುದನ್ನು ನನಗೇ ಸ್ಪಷ್ಟಪಡಿಸಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ.

ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತಗಳಲ್ಲಿ ಮೂರು ದಿನದ ಚಾರಣ. ನಾವು ನಾಲ್ವರು ಗೆಳೆಯರು. ರಸ್ತೆಯಿಂದ ಒಂದು ಇಡೀ ದಿನ ನಡೆದರೆ ಸಿಗುವ ಸರೋವರದ ದಂಡೆಯಲ್ಲಿ ಟೆಂಟು ಹೊಡೆದಿದ್ದೆವು. ಇಂಥ ಒಳಕಾಡಿಗೆ ಹೋಗಲು ಪರ್ಮಿಟ್ ಬೇಕು. ಪರ್ಮಿಟ್ ಕೊಡುವವರು ಒಂದು ಗಟ್ಟಿ ಪ್ಲಾಸ್ಟಿಕ್ ಡಬ್ಬವನ್ನೂ ಬಾಡಿಗೆಗೆ ಕೊಡುತ್ತಾರೆ. ಸುಮ್ಮನೆ ಖಾಲಿ ಡಬ್ಬವೇ ಒಂದು ಕಿಲೋಗಿಂತ ಹೆಚ್ಚು ತೂಗುತ್ತದೆ. ಮುಚ್ಚಳ ತೆಗೆಯಲು ನಾಣ್ಯ ಹಾಕಿ ತಿರುಗಿಸಬೇಕು. ಕರಡಿಯ ಬಾಯಿಗೆ ಸಿಗದಷ್ಟು ದಪ್ಪ, ಪಂಜಕ್ಕೆ ಹಿಡಿತ ಕೊಡದಷ್ಟು ನುಣುಪು. ತಿನ್ನುವ ಪದಾರ್ಥ ಮಾತ್ರವಲ್ಲ, ಟೂತ್‌ಪೇಸ್ಟ್, ಸೋಪು, ಸನ್‌ಸ್ಕ್ರೀನ್, ಕಸ, ಹೀಗೆ ವಾಸನೆ ಇರುವ ಪ್ರತಿಯೊಂದೂ ರಾತ್ರಿ ಅದರೊಳಗೆ ಹೋಗಬೇಕು. ಡಬ್ಬವನ್ನು ಟೆಂಟಿನಿಂದ ದೂರ ಇಡಬೇಕು. ನಿಯಮ ಇಷ್ಟೇ.

ನಮ್ಮ ಡಬ್ಬ ತುಂಬಿತ್ತು. ಪುಳಿಯೋಗರೆ ಪುಡಿ, ಅವಲಕ್ಕಿ, ಉಪ್ಪಿನಕಾಯಿ ಎಲ್ಲ ತುರುಕಿದ ಮೇಲೆ ಚಕ್ಕುಲಿ ಪೊಟ್ಟಣಕ್ಕೆ ಜಾಗ ಉಳಿಯಲಿಲ್ಲ. ಒತ್ತಿದರೆ ಪುಡಿಯಾಗುತ್ತದೆ ಎಂಬ ಚಿಂತೆ ಬೇರೆ. ಬೆನ್ನಚೀಲದ ಪಕ್ಕದ ಜೇಬಿಗೆ ಸೇರಿಸಿ, ಚೀಲವನ್ನು ಮರಕ್ಕೆ ಒರಗಿಸಿ ಮಲಗಿದೆ. ಒಂದು ರಾತ್ರಿಗೆ ಏನಾಗುತ್ತದೆ ಎಂಬ ಧೈರ್ಯ.

ನಡುರಾತ್ರಿ ಬಟ್ಟೆ ಹರಿಯುವ ಸದ್ದಾಯಿತು. ಟೆಂಟಿನ ಜಿಪ್ ಸರಿಸಿ ಬೆಳಕು ಬಿಟ್ಟರೆ ಎರಡು ಕಣ್ಣು, ಕಿವಿಯಲ್ಲಿ ಒಂದು ಹಳದಿ ಬಿಲ್ಲೆ. ಹೆಸರಿಗೆ ಕಪ್ಪು ಕರಡಿ, ಆದರೆ ಆ ಭಾಗದ ಬಹುಪಾಲು ಕಪ್ಪು ಕರಡಿಗಳಂತೆ ಇದೂ ಕಂದು ಬಣ್ಣದ್ದು. ನಾವು ಕೂಗಿದೆವು, ತಟ್ಟೆ ಬಡಿದೆವು. ಅದು ಗಾಬರಿಯಾಗಲಿಲ್ಲ. ಪೊಟ್ಟಣವನ್ನು ಕಚ್ಚಿಕೊಂಡು, ಹತ್ತು ಹೆಜ್ಜೆ ಆಚೆ ಹೋಗಿ ಕೂತು ತಿಂದಿತು. ಚಕ್ಕುಲಿ ಮುರಿಯುವ ಸದ್ದು ನಮಗೆ ಕೇಳುತ್ತಿತ್ತು. ಭಯ ಇಳಿದ ಮೇಲೆ ನಾವು ನಕ್ಕದ್ದೂ ನಿಜ.

ಮಾರನೆಯ ದಿನ ದಾರಿಯಲ್ಲಿ ಸಿಕ್ಕ ರೇಂಜರ್‌ಗೆ ಇದನ್ನೇ ತಮಾಷೆಯಾಗಿ ಹೇಳಿದೆ. ಆತ ನಗಲಿಲ್ಲ. ಬಿಲ್ಲೆಯ ಬಣ್ಣ, ಯಾವ ಕಿವಿ, ಎಷ್ಟು ಹೊತ್ತು ಎಂದೆಲ್ಲ ಕೇಳಿ ಬರೆದುಕೊಂಡ. ಕೊನೆಗೆ, "ಅದಕ್ಕೆ ತಿನ್ನಲು ಸಿಕ್ಕಿತೇ?" ಎಂದ. ಸಿಕ್ಕಿತು ಎಂದೆ. "ಇಲ್ಲ ಅಂತೀರೇನೋ ಅಂದುಕೊಂಡಿದ್ದೆ," ಎಂದು ಪುಸ್ತಕ ಮುಚ್ಚಿದ. ಬೈದಿದ್ದರೆ ಬೇಗ ಮರೆಯುತ್ತಿದ್ದೆ.

ಎರಡು ಬೇಸಿಗೆ ಕಳೆದು ಅದೇ ಭಾಗಕ್ಕೆ ಹೋಗುವಾಗ ಪರ್ಮಿಟ್ ಕೊಡುವ ಕಡೆ ಆ ಹಳದಿ ಬಿಲ್ಲೆಯ ಕರಡಿಯ ವಿಷಯ ಕೇಳಿದೆ. ಹಿಂದಿನ ಶರತ್ಕಾಲದಲ್ಲಿ ಕೊಲ್ಲಬೇಕಾಯಿತು ಎಂದರು. ಜನ ಮಲಗಿದ್ದಾಗಲೇ ಟೆಂಟು ಸೀಳಲು ಕಲಿತಿತ್ತಂತೆ.

ಈ ದೇಶದ ಕಾಡಿನ ಇಲಾಖೆಗಳಲ್ಲಿ ಒಂದು ಗಾದೆಯೇ ಇದೆ: ಉಣಿಸಿದ ಕರಡಿ ಎಂದರೆ ಸತ್ತ ಕರಡಿ. ಕಾರಣ ಸರಳ. ಚಳಿಗಾಲದ ಮುನ್ನ ಒಂದು ಕರಡಿ ದಿನಕ್ಕೆ 20,000 ಕ್ಯಾಲೊರಿಯವರೆಗೆ ತಿನ್ನಬಲ್ಲದು. ಇರುವೆ, ಹಣ್ಣು, ಓಕ್ ಮರದ ಕಾಯಿ ಎಂದು ಹಗಲಿಡೀ ಅಲೆದು ಸಂಪಾದಿಸುವುದನ್ನು ನಮ್ಮ ಒಂದು ಚೀಲ ಐದು ನಿಮಿಷದಲ್ಲಿ ಕೊಡುತ್ತದೆ. ಒಮ್ಮೆ ರುಚಿ ಹತ್ತಿದರೆ ಮತ್ತೆ ಬರುತ್ತದೆ, ಪ್ರತಿ ಸಲ ಭಯ ಸ್ವಲ್ಪ ಕಡಿಮೆಯಾಗುತ್ತದೆ. ತಾಯಿಯ ಜೊತೆಗೆ ಬಂದ ಮರಿಯೂ ಕಲಿಯುತ್ತದೆ. ದೂರ ಒಯ್ದು ಬಿಟ್ಟರೆ ಎಷ್ಟೋ ಕರಡಿಗಳು ವಾಪಸು ನಡೆದು ಬರುತ್ತವೆ, ಇಲ್ಲವೆ ಹೊಸ ಜಾಗದಲ್ಲಿ ಅದೇ ಚಾಳಿ ಮುಂದುವರಿಸುತ್ತವೆ. ಕೂಗಿ, ರಬ್ಬರ್ ಗುಂಡು ಹೊಡೆದು ಓಡಿಸಿ ನೋಡಿದ ಮೇಲೂ ಬುದ್ಧಿ ಬರದಿದ್ದರೆ ಉಳಿಯುವುದು ಒಂದೇ ದಾರಿ.

ಇದನ್ನು ಕಲಿಸಿದವರು ಯಾರು? ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ 1920 ಮತ್ತು 30ರ ದಶಕಗಳಲ್ಲಿ ಸಂಜೆ ಕಸದ ರಾಶಿಯ ಮೇಲೆ ದೀಪ ಹಾಕಿ, ಕರಡಿಗಳು ಎಂಜಲು ತಿನ್ನುವುದನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದರು. ಮೊಂಟಾನಾದ ಗ್ಲೇಸಿಯರ್ ಉದ್ಯಾನದಲ್ಲಿ 1967ರ ಆಗಸ್ಟ್‌ನ ಒಂದೇ ರಾತ್ರಿ, ಬೇರೆ ಬೇರೆ ಎರಡು ಕಡೆ, ಎರಡು ಗ್ರಿಜ್ಲಿ ಕರಡಿಗಳು 19 ವರ್ಷದ ಇಬ್ಬರು ಹೆಣ್ಣುಮಕ್ಕಳನ್ನು ಕೊಂದವು. ಎರಡೂ ಕಡೆ ಕರಡಿಗಳು ಮನುಷ್ಯರ ಆಹಾರಕ್ಕೆ ಒಗ್ಗಿಹೋಗಿದ್ದವು. ಅಂದರೆ ರೇಂಜರ್‌ನ ಭಯ ಸುಳ್ಳಲ್ಲ. ಟೆಂಟು ಸೀಳುವ ಕರಡಿಯನ್ನು ಹಾಗೇ ಬಿಡಿ ಎಂದು ನಾನು ಹೇಳಲಾರೆ. ಆ ಟೆಂಟಿನಲ್ಲಿ ನನ್ನ ಮಗಳೇ ಮಲಗಿರಬಹುದು.

ನನ್ನನ್ನು ಕಾಡುವುದು ಬೇರೆ ಪ್ರಶ್ನೆ. "ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂದು ನಮ್ಮಲ್ಲಿ ಹೇಳುತ್ತಾರೆ. ತಪ್ಪು ನನ್ನದು, ಶಿಕ್ಷೆ ಅದಕ್ಕೆ. ಕರಡಿಗೆ ಕೊಟ್ಟದ್ದು ಶಿಕ್ಷೆಯಲ್ಲ, ನಿರ್ವಹಣೆ ಎನ್ನಬಹುದು. ಪಾಪಪುಣ್ಯ ತಿಳಿಯದ ಪ್ರಾಣಿಗೆ ಅಪರಾಧವೇ ಇಲ್ಲ, ಹಾಗಾಗಿ ಶಿಕ್ಷೆಯೂ ಇಲ್ಲ. ಈ ಮಾತು ಸರಿಯೇ. ಆದರೆ ಇದರಿಂದ ನನ್ನ ಹೊರೆ ಇಳಿಯುವುದಿಲ್ಲ, ಏರುತ್ತದೆ. ಇಡೀ ಪ್ರಕರಣದಲ್ಲಿ ತಿಳಿದು ನಡೆಯಬಲ್ಲವನು ಒಬ್ಬನೇ ಇದ್ದ, ಅವನು ಚಕ್ಕುಲಿ ಪುಡಿಯಾದೀತೆಂದು ಯೋಚಿಸುತ್ತಿದ್ದ.

"ಮಾಡಿದ್ದುಣ್ಣೋ ಮಹರಾಯ" ಎಂಬ ಗಾದೆಯನ್ನು ನಂಬಿ ಬೆಳೆದವರು ನಾವು. ಫಲ ಮಾಡಿದವನಿಗೇ ತಟ್ಟುತ್ತದೆ ಎಂಬ ನಂಬಿಕೆಯಲ್ಲಿ ಒಂದು ನ್ಯಾಯವಿದೆ, ಒಂದು ಸಮಾಧಾನವೂ ಇದೆ. ಕಾಡಿನಲ್ಲಿ ಅದು ನಡೆಯುವುದಿಲ್ಲ. ಮಾಡಿದವನು ನಾನು, ಉಂಡದ್ದು ಕರಡಿ. ನನಗೆ ಸಿಕ್ಕಿದ್ದು ಹೇಳಿಕೊಳ್ಳಲು ಒಂದು ಕಥೆ. ನನ್ನ ಹಿಂದೆ ಬಂದ ಅಪರಿಚಿತ ಕುಟುಂಬಕ್ಕೆ ಸಿಕ್ಕಿದ್ದು ಹರಿದ ಟೆಂಟು. ಕರಡಿಗೆ ಸಿಕ್ಕಿದ್ದು ಗುಂಡು.

ಒಂದು ಪೊಟ್ಟಣ ಚಕ್ಕುಲಿಯಿಂದ ಕರಡಿ ಸತ್ತಿತೇ ಎಂದು ಗೆಳೆಯನೊಬ್ಬ ವಾದಿಸಿದ. ನ್ಯಾಯವಾದ ಪ್ರಶ್ನೆ. ನಮ್ಮನ್ನು ಕಂಡಾಗಲೇ ಅದು ಹೆದರುತ್ತಿರಲಿಲ್ಲ, ಅಂದರೆ ನನಗಿಂತ ಮೊದಲೂ ಯಾರೋ ಕೊಟ್ಟಿದ್ದರು. ನನ್ನ ನಂತರವೂ ಕೊಟ್ಟಿರಬೇಕು. ಹಾಗಾದರೆ ನನ್ನ ಪಾಲು ಎಷ್ಟು? ಹತ್ತರಲ್ಲೊಂದೇ, ಇಪ್ಪತ್ತರಲ್ಲೊಂದೇ? ಕೆಲವು ವರ್ಷ ಈ ಲೆಕ್ಕದಲ್ಲಿ ನೆಮ್ಮದಿ ಹುಡುಕಿದೆ. ಆಮೇಲೆ ತಿಳಿಯಿತು, ಹೊಣೆ ಹೋಟೆಲ್ ಬಿಲ್ಲಿನಂತೆ ತಲೆಗಿಷ್ಟು ಎಂದು ಹಂಚಿಹೋಗುವುದಿಲ್ಲ. ಆ ಇಪ್ಪತ್ತು ಜನರೂ ಇದೇ ಭಾಗಾಕಾರ ಮಾಡಿ ಮಲಗಿದ್ದರಿಂದಲೇ ಕರಡಿ ಸತ್ತದ್ದು.

ಚಾರಣದಿಂದ ಬಂದ ವಾರ ಅಮ್ಮನಿಗೆ ಫೋನಿನಲ್ಲಿ ಕಥೆ ಹೇಳಿದ್ದೆ. "ಪಾಪ, ಹಸಿದಿತ್ತೋ ಏನೋ. ತಿಂದ್ರೆ ತಿನ್ಲಿ ಬಿಡೋ, ಪುಣ್ಯ ಬರುತ್ತೆ" ಎಂದಿದ್ದಳು. ಅವಳ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಇರುವೆ ಗೂಡಿಗೆ ಸಕ್ಕರೆ, ಹಸುವಿಗೆ ಗೋಗ್ರಾಸ, ಕಾಗೆಗೆ ಪಿಂಡ, ದೇವಸ್ಥಾನದ ಕೋತಿಗೆ ಬಾಳೆಹಣ್ಣು. ಹಸಿದ ಜೀವಕ್ಕೆ ಕೊಡುವುದಕ್ಕಿಂತ ದೊಡ್ಡ ಧರ್ಮವಿಲ್ಲ ಎಂದು ಕಲಿಸಿದ ಮನೆಯಲ್ಲಿ ಬೆಳೆದವನಿಗೆ, ಕೊಡದಿರುವುದೇ ದಯೆ ಎಂಬ ಮಾತು ಒಪ್ಪಿಗೆಯಾಗಲು ವರ್ಷಗಳು ಬೇಕಾದವು.

ಈಗ ನನಗೆ ಅನ್ನಿಸುವುದಿಷ್ಟು. ದಾನದಲ್ಲಿ ಕೊಡುವವನಿಗೆ ಒಂದು ಸುಖವಿದೆ. ಕೋತಿ ಕೈಯಿಂದ ಹಣ್ಣು ಕಿತ್ತುಕೊಂಡಾಗ ನಾವು ಖುಷಿಪಡುವುದು ಕೋತಿಯ ಹೊಟ್ಟೆ ತುಂಬಿತೆಂದಲ್ಲ, ಅದು ನಮ್ಮ ಹತ್ತಿರ ಬಂತೆಂದು. ಮನೆಯ ಹಸುವಿನ ಜೊತೆ ನಮಗೆ ಬಾಳುವೆಯ ಸಂಬಂಧವಿದೆ. ಇವತ್ತು ಕೊಟ್ಟರೆ ನಾಳೆಯೂ ಕೊಡುತ್ತೇವೆ, ಕಾಯಿಲೆಯಾದರೆ ನೋಡುತ್ತೇವೆ. ಕಾಡಿನ ಕರಡಿಗೆ ನಾನು ಇಂಥ ಯಾವ ಭಾಷೆಯನ್ನೂ ಕೊಟ್ಟಿಲ್ಲ. ಭಾನುವಾರ ಕಾರು ಹತ್ತಿ ಹೋಗುವವನು ನಾನು. ಮುಂದಿನ ಹೊಣೆ ಹೊರಲಾರದವನು ಕೊಡುವ ಅನ್ನ ದಾನವಾಗುವುದಿಲ್ಲ.

ಹಂಪಿಗೆ ಹತ್ತಿರದ ದರೋಜಿಯಲ್ಲಿ 1994ರಲ್ಲಿ ಮಾಡಿದ ಕರಡಿಧಾಮವಿದೆ. ಊರಿಗೆ ಹೋದಾಗ ಒಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಬಂಡೆಗಳ ಮೇಲೆ ಬೆಲ್ಲದ ಪಾಕ ಸವರಿಡುವ ರೂಢಿ. ಹೊತ್ತಿಳಿಯುವಾಗ ಕರಡಿಗಳು ಬಂದು ನೆಕ್ಕುತ್ತವೆ, ಜನ ದೂರದ ಗೋಪುರದಿಂದ ನೋಡುತ್ತಾರೆ. ಮಕ್ಕಳ ಜೊತೆ ನಾನೂ ಸಂತೋಷಪಟ್ಟೆ, ಯೊಸೆಮಿಟಿಯ ಹಳೆಯ ದೀಪದ ಪ್ರದರ್ಶನ ನೆನಪಾಗಿ ಕಸಿವಿಸಿಯೂ ಆಯಿತು. ಎರಡೂ ಒಂದೇ ಅಲ್ಲ. ದರೋಜಿಯಲ್ಲಿ ಸಿಹಿ ಸಿಗುವುದು ಬಂಡೆಯ ಮೇಲೆ, ಮನುಷ್ಯನ ಚೀಲದಲ್ಲಲ್ಲ. ಆದರೂ ಯಾರ ಹಸಿವಿಗಾಗಿ ಆ ಪಾಕ, ಕರಡಿಯದೋ ನಮ್ಮ ಕಣ್ಣಿನದೋ ಎಂಬ ಪ್ರಶ್ನೆ ಅಲ್ಲೂ ಕೇಳಬೇಕಾದದ್ದೇ.

ಬಳ್ಳಾರಿ, ಕೊಪ್ಪಳ, ತುಮಕೂರಿನ ಕಡೆ ಕರಡಿ ಎದುರಾಗುವುದು ಹೊಲಕ್ಕೆ ಹೋದ ರೈತನಿಗೆ, ಕುರಿ ಕಾಯುವವನಿಗೆ. ಅವರು ವಿಹಾರಕ್ಕೆ ಹೋದವರಲ್ಲ, ಬದುಕಲು ಹೋದವರು. ಅವರಿಗೆ ನಾನು ಇಲ್ಲಿಂದ ಉಪದೇಶ ಮಾಡಿದರೆ ಅದು ಉದ್ಧಟತನವಾದೀತು. ನನ್ನ ಸ್ಥಿತಿ ಬೇರೆ. ನಾನು ಬೇಕೆಂದೇ ಹೋದವನು, ಹೋಗದಿದ್ದರೆ ಯಾರ ಊಟವೂ ತಪ್ಪುತ್ತಿರಲಿಲ್ಲ. ಆಯ್ಕೆ ಎಷ್ಟಿದೆಯೋ ಹೊಣೆಯೂ ಅಷ್ಟೇ ಇರುತ್ತದೆ. "ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ" ಎನ್ನುವಾಗ ಕರೆಯದೆ ನುಗ್ಗಿದ್ದು ಕರಡಿ. ಆ ಸರೋವರದ ದಂಡೆಯಲ್ಲಿ ಕರೆಯದೆ ನುಗ್ಗಿದ್ದು ನಾವು.

ಹಾಗಾದರೆ ಕಾಡಿಗೆ ಹೋಗುವುದನ್ನೇ ಬಿಡಬೇಕೇ? ಈ ರಾಜ್ಯದ ಧ್ವಜದ ಮೇಲೊಂದು ಗ್ರಿಜ್ಲಿ ಕರಡಿ ಇದೆ. ಜೀವಂತ ಗ್ರಿಜ್ಲಿ ಮಾತ್ರ ಇಲ್ಲಿ 1920ರ ದಶಕದಲ್ಲೇ ಮುಗಿದುಹೋಯಿತು. ಚಿತ್ರದಲ್ಲಿ ಮಾತ್ರ ಕರಡಿ ನೋಡಿದವರು ನಿಜವಾದ ಕರಡಿಗಾಗಿ ಎಷ್ಟು ದಿನ ಹೋರಾಡಿಯಾರು? ಹೋಗಬೇಕು, ಆದರೆ ನೆಂಟರ ಮನೆಗೆ ಹೋದ ಎಚ್ಚರದಲ್ಲಿ ಹೋಗಬೇಕು. ಅದು ಅಸಾಧ್ಯವೇನಲ್ಲ. 1998ರಲ್ಲಿ ಯೊಸೆಮಿಟಿಯಲ್ಲಿ ಕರಡಿಗಳು ಕಾರು, ಚೀಲ, ಡೇರೆ ಮುರಿದ ಸುಮಾರು 1,600 ಪ್ರಕರಣಗಳು ನಡೆದು, ನಷ್ಟ ಆರೂವರೆ ಲಕ್ಷ ಡಾಲರ್ ತಲುಪಿತ್ತು. ಮರುವರ್ಷದಿಂದ ಸರಕಾರ ಹಣ ಕೊಟ್ಟಿತು. ಕಬ್ಬಿಣದ ಪೆಟ್ಟಿಗೆಗಳು ಬಂದವು, ಡಬ್ಬ ಕಡ್ಡಾಯವಾಯಿತು, ದಂಡ ಬಿತ್ತು, ರಾತ್ರಿ ಗಸ್ತು ನಡೆಯಿತು. ಪ್ರಕರಣಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಳಿದವು. ಕರಡಿಗಳ ಸ್ವಭಾವ ಬದಲಾಗಲಿಲ್ಲ, ಮನುಷ್ಯರು ರಾತ್ರೋರಾತ್ರಿ ಸಜ್ಜನರಾಗಲೂ ಇಲ್ಲ. ಒಳ್ಳೆಯತನಕ್ಕೆ ಒಂದು ಮುಚ್ಚಳವಿರುವ ಡಬ್ಬ ಸಿಕ್ಕಿತು, ಅಷ್ಟೇ.

ಹೋದ ವರ್ಷ ಅಮ್ಮ ಬಂದಿದ್ದಾಗ ಮಗಳ ಜೊತೆ ಚಾರಣಕ್ಕೆ ಹೊರಟೆ. ಅಮ್ಮ ಮತ್ತೆ ಚಕ್ಕುಲಿ ಮಾಡಿಕೊಟ್ಟಳು. ಡಬ್ಬದಲ್ಲಿ ಹಿಡಿಸುವುದಿಲ್ಲ ಎಂದು ಅರ್ಧ ಮನೆಯಲ್ಲೇ ಬಿಟ್ಟೆ, ಉಳಿದದ್ದನ್ನು ಒತ್ತಿ ತುಂಬಿದೆ. ಅವಳ ಮುಖ ಸಣ್ಣದಾಯಿತು. ಆಗ ಕೂತು, ಹಳದಿ ಬಿಲ್ಲೆಯ ಕಥೆಯ ಎರಡನೆಯ ಭಾಗವನ್ನು ಮೊದಲ ಸಲ ಅವಳಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಅಷ್ಟು ದಿನ ಯಾಕೋ ಹೇಳಲಿಲ್ಲ?" ಎಂದಳು. ಉತ್ತರ ಹೊಳೆಯಲಿಲ್ಲ. ಮುಚ್ಚಳವನ್ನು ಅವಳೇ ಒತ್ತಿ ಹಿಡಿದಳು, ನಾನು ನಾಣ್ಯ ತಿರುಗಿಸಿದೆ.

ಆ ಸಲ ಕರಡಿ ಬರಲಿಲ್ಲ. ಬಂದಿದ್ದರೂ ಅದಕ್ಕೆ ಏನೂ ಸಿಗುತ್ತಿರಲಿಲ್ಲ. ಮಗಳು ಮಾತ್ರ ಬೆಳಿಗ್ಗೆ ಚಕ್ಕುಲಿಯ ಪುಡಿಯನ್ನು ಬೊಗಸೆಯಲ್ಲಿ ತುಂಬಿಕೊಂಡು, ಒಂದು ಚೂರೂ ಕೆಳಗೆ ಬೀಳದಂತೆ ತಿಂದಳು.