ಕೆಲಸ ಕೊಡಿಸಿದವನ ಋಣ

ಎರಡು ತಿಂಗಳ ಹಿಂದೆ ನಾನು ಒಬ್ಬ ಹುಡುಗನಿಗೆ ಕೆಲಸ ಕೊಡಿಸಿದೆ. ದೊಡ್ಡನೆಕ್ಕುಂದಿಯ ಹುಡುಗ, ನನ್ನ ಹತ್ತಿರವೇ ಓದಿದವನು, ಐಟಿಐ ಮುಗಿಸಿ ಒಂದೂವರೆ ವರ್ಷ ಸುಮ್ಮನೆ ಕೂತಿದ್ದವನು. ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಆಳು ಒದಗಿಸುವ ಒಬ್ಬ ಏಜೆನ್ಸಿಯವನೂ ನನ್ನ ಹಳೆಯ ವಿದ್ಯಾರ್ಥಿಯೇ. ‘ಸಾರ್, ಅವ್ರು ನಿಮ್ ಮಾತು ಮೀರಲ್ಲ. ಒಂದ್ ಮಾತು ಹೇಳ್ಬುಡಿ ಸಾರ್’ ಅಂತ ಹುಡುಗ ಬಂದು ನಿಂತ. ಹೇಳಿದೆ. ಮೂರನೇ ದಿನಕ್ಕೆ ಅವನು ಯೂನಿಫಾರಂ ಹಾಕಿಕೊಂಡು ಗೇಟಿನೊಳಗೆ ಹೋದ.

ಮೊದಲ ಸಂಬಳವಾದ ಮಾರನೇ ದಿನ ಅವನ ತಾಯಿ ಬಂದರು. ರಿಂಗ್ ರೋಡಿನ ಒಂದು ಕಂಪನಿಯಲ್ಲಿ ಹೌಸ್‌ಕೀಪಿಂಗ್ ಮಾಡುವವರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಚಪ್ಪಲಿಯನ್ನು ಗೇಟಿನಾಚೆಯೇ ಬಿಟ್ಟು, ಒಳಗೆ ಬನ್ನಿ ಅಂದರೂ ಬಾರದೆ, ಬಾಗಿಲ ಪಕ್ಕದಲ್ಲೇ ತಲೆ ಬಗ್ಗಿಸಿ ನಿಂತು, ‘ನಿಮ್ ಋಣ ಈ ಜನ್ಮದಾಗೆ ತೀರ್ಸಕ್ಕಾಗಲ್ಲ ಸ್ವಾಮಿ’ ಅಂದರು. ನಾನೂ ಅವರಂಥದ್ದೇ ಕೇರಿಯಿಂದ ಬಂದವನು. ನನ್ನ ಅವ್ವ ಗೌಡರ ಮನೆಯ ಹಿತ್ತಿಲಲ್ಲಿ ಇದೇ ಥರ ನಿಂತಿದ್ದನ್ನು ಕಂಡು ಬೆಳೆದವನು. ಆ ಬಗ್ಗಿದ ತಲೆಯನ್ನು ನೋಡಿದಾಗ ನಾನು ಎಲ್ಲಿ ನಿಂತಿದ್ದೇನೆ ಅನ್ನುವುದು ಹೊಳೆದು ಮೈ ಝುಮ್ಮೆಂದಿತು. ಗೌಡ ನಿಲ್ಲುತ್ತಿದ್ದ ಜಾಗದಲ್ಲಿ ನಾನು ನಿಂತಿದ್ದೆ.

ಕೆಲಸ ಹುಡುಕುವವನಿಗೂ ಕೆಲಸ ಕೊಡುವವನಿಗೂ ನಡುವೆ ನಿಂತು ಇಬ್ಬರನ್ನು ಕೂಡಿಸುವುದು ಎಂಥ ಕೆಲಸ? ಉಪಕಾರವೋ, ವ್ಯಾಪಾರವೋ, ಅಥವಾ ಸಮಾಜ ತನ್ನ ಎಲ್ಲ ಮಕ್ಕಳಿಗೂ ಸಲ್ಲಿಸಬೇಕಾದ ಹೊಣೆಯೋ? ಇದನ್ನು ಬರೀ ಅರ್ಥಶಾಸ್ತ್ರದ ಪ್ರಶ್ನೆ ಅಂತ ತಳ್ಳಿಹಾಕುವಂತಿಲ್ಲ. ಹೊಟ್ಟೆಗೂ ಅನ್ನಕ್ಕೂ ನಡುವಿನ ದಾರಿ ಯಾರ ಕೈಯಲ್ಲಿದೆಯೋ, ಮನುಷ್ಯನ ತಲೆ ಯಾರ ಮುಂದೆ ಬಗ್ಗಬೇಕು ಅನ್ನುವುದೂ ಅವನ ಕೈಯಲ್ಲೇ ಇರುತ್ತದೆ.

ನಮ್ಮ ಹಳ್ಳಿಗಳಿಗೆ ಏಜೆನ್ಸಿ ಬೇಕಿರಲಿಲ್ಲ. ಜಾತಿಯೇ ಆ ಕೆಲಸ ಮಾಡುತ್ತಿತ್ತು. ಬೆಂಗಳೂರು–ಕೋಲಾರದ ಕಡೆಯ ಕೆರೆ ಹಳ್ಳಿಗಳಲ್ಲಿ ಕೆರೆ ತೂಬು ಎತ್ತಲು ನೀರುಗಂಟಿ, ಸುದ್ದಿ ಸಾರಲು ತೋಟಿ, ಸತ್ತ ದನ ಹೊರಲು ಕೇರಿಯವರು, ಗೌಡನ ಮನೆಗೆ ಹಳೆಮಗ. ಹುಟ್ಟಿದ ಕೂಸಿಗೆ ಹೆಸರಿಡುವ ಮುಂಚೆಯೇ ಕೆಲಸ ಗೊತ್ತಾಗಿಬಿಟ್ಟಿರುತ್ತಿತ್ತು. ಅರ್ಜಿ ಇಲ್ಲ, ಸಂದರ್ಶನ ಇಲ್ಲ, ನಿವೃತ್ತಿಯೂ ಇಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ವಂಶಪಾರಂಪರ್ಯದ ಈ ಹುದ್ದೆಗಳನ್ನು ಕಾಗದದ ಮೇಲೆ ತೆಗೆದುಹಾಕಿತು. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಆದರೆ ಮನುಷ್ಯನ ಶಕ್ತಿ, ಆಸೆ, ಕಲಿಕೆ ಯಾವುದನ್ನೂ ಕೇಳದೆ ಹುಟ್ಟನ್ನಷ್ಟೇ ನೋಡಿ ಕಸುಬು ಹಂಚುವ ವ್ಯವಸ್ಥೆಯ ಅನೀತಿಯನ್ನು ಅಂಬೇಡ್ಕರ್ 1936ರಲ್ಲೇ ಬಿಡಿಸಿಟ್ಟಿದ್ದರಲ್ಲ, ಆ ಅನೀತಿ ಕಾಯ್ದೆಯ ಒಂದು ಹಾಳೆಗೆ ಹೆದರಿ ಊರು ಬಿಡುವಂಥದ್ದಲ್ಲ. ಅದು ಬಟ್ಟೆ ಬದಲಾಯಿಸುತ್ತದೆ.

ಕೋಲಾರದ ಚಿನ್ನದ ಗಣಿಯಲ್ಲಿ ಅದು ಮೇಸ್ತ್ರಿಯ ಬಟ್ಟೆ ಹಾಕಿಕೊಂಡಿತು. ಉತ್ತರ ಆರ್ಕಾಟು, ಚಿತ್ತೂರಿನ ಕೇರಿಗಳಿಂದ ಆಳುಗಳನ್ನು ತಂದು ಗಣಿಗೆ ಇಳಿಸಿದವರಲ್ಲಿ ಮೇಸ್ತ್ರಿಗಳೂ ಗುತ್ತಿಗೆದಾರರೂ ಇದ್ದರು. ಊರಿನ ಜಮೀನ್ದಾರನಿಂದ ಬಿಡುಗಡೆ ಕೊಡಿಸಿದವನೂ ಮೇಸ್ತ್ರಿ, ಕೂಲಿಯಲ್ಲಿ ತನ್ನ ಪಾಲು ಹಿಡಿದವನೂ ಮೇಸ್ತ್ರಿ. ಈ ಎರಡು ಮುಖವನ್ನು ನಾವು ಮರೆಯಬಾರದು. 2001ರಲ್ಲಿ ಆ ಗಣಿ ಮುಚ್ಚಿತು. ಅಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳು ಈಗ ಮಾರಿಕುಪ್ಪಂ ರೈಲು ಹತ್ತಿ ಬಂದು ವೈಟ್‌ಫೀಲ್ಡು, ಕೃಷ್ಣರಾಜಪುರದಲ್ಲಿ ಇಳಿಯುತ್ತಾರೆ. ಇಳಿದವರನ್ನು ಎದುರುಗೊಳ್ಳುವುದು ಮತ್ತೆ ಒಬ್ಬ ಸೂಪರ್‌ವೈಸರು, ಒಂದು ಏಜೆನ್ಸಿ.

ಈ ನಡುವೆ ಒಂದು ಬೇರೆಯೇ ಪ್ರಯತ್ನವೂ ನಡೆದಿತ್ತು. 1945ರ ಜುಲೈನಲ್ಲಿ, ಅಂಬೇಡ್ಕರ್ ವೈಸ್‌ರಾಯ್ ಕೌನ್ಸಿಲಿನ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ, ಪುನರ್ವಸತಿ ಮತ್ತು ಉದ್ಯೋಗ ನಿರ್ದೇಶನಾಲಯ ಶುರುವಾಯಿತು. ಯುದ್ಧ ಮುಗಿಸಿ ಬಂದ ಸಿಪಾಯಿಗಳಿಗೆ ಕೆಲಸ ಹುಡುಕಲು ತೆರೆದ ಉದ್ಯೋಗ ವಿನಿಮಯ ಕಚೇರಿಗಳು ಮುಂದೆ ದೇಶ ವಿಭಜನೆಯ ನಿರಾಶ್ರಿತರಿಗೆ, 1948ರಿಂದ ಎಲ್ಲರಿಗೂ ತೆರೆದವು. ನಮ್ಮ ಜನರ ಬಾಯಲ್ಲಿ ಅದು ಎಂಪ್ಲಾಯ್‌ಮೆಂಟ್ ಆಫೀಸು, ಕೈಗೆ ಸಿಗುವುದು ಎಂಪ್ಲಾಯ್‌ಮೆಂಟ್ ಕಾರ್ಡು.

1988ರಲ್ಲಿ ನಾನೂ ಆ ಕಾರ್ಡು ಮಾಡಿಸಿದೆ. ಬಿಸಿಲಲ್ಲಿ ಸಾಲು ನಿಂತು, ಗುಮಾಸ್ತನ ಗದರಿಕೆ ಕೇಳಿ, ಒಂದು ನಂಬರು ಪಡೆದೆ. ಆ ನಂಬರಿನಲ್ಲಿ ನನ್ನ ಪಾಲಿಗೆ ಒಂದು ಹೊಸ ನೀತಿ ಇತ್ತು ಅಂತ ಈಗ ಅನ್ನಿಸುತ್ತದೆ. ನಂಬರಿಗೆ ಮಾವ ಇಲ್ಲ, ಗೌಡ ಇಲ್ಲ. ಮೊದಲು ಬಂದವನ ಹೆಸರು ಮೊದಲು. ಗುಮಾಸ್ತನಿಗೆ ನಾನು ಬಾಳೆಹಣ್ಣು ಒಯ್ಯಬೇಕಿರಲಿಲ್ಲ. ಅವನು ನನ್ನ ಹೆಸರು ಕಳಿಸಿದರೆ ಅದು ಅವನ ಕರ್ತವ್ಯ, ಕಳಿಸದಿದ್ದರೆ ಅವನ ತಪ್ಪು. ಎರಡರಲ್ಲೂ ನನ್ನ ತಲೆ ಬಗ್ಗುವುದಿಲ್ಲ. ಯಾರ ಪರಿಚಯವೂ ಇಲ್ಲದವನಿಗೆ, ಸಾಲು ಅನ್ನುವುದೇ ದೊಡ್ಡ ನ್ಯಾಯ. ಪರಿಚಯ ಅನ್ನುವುದು ಉಳ್ಳವರು ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ, ಪಹಣಿಯಲ್ಲಿ ಕಾಣದ ಆಸ್ತಿ.

ಆದರೆ ಸಾಲು ಮುಂದಕ್ಕೆ ಸರಿಯಲಿಲ್ಲ. ಯಾಕೆ ಅನ್ನುವುದನ್ನು 1959ರ ಖಾಲಿ ಹುದ್ದೆಗಳ ಕಡ್ಡಾಯ ಸೂಚನೆ ಕಾಯ್ದೆಯಲ್ಲೇ ಓದಬಹುದು. ಸರ್ಕಾರಿ ವಲಯದವರೂ, 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳೂ ಖಾಲಿ ಹುದ್ದೆಯನ್ನು ಕಚೇರಿಗೆ ತಿಳಿಸಬೇಕು ಅಂತ ಅದು ಹೇಳಿತು. ತಿಳಿಸಿದರೆ ಸಾಕು, ಅಲ್ಲಿಂದಲೇ ತೆಗೆದುಕೊಳ್ಳಬೇಕು ಅಂತೇನಿಲ್ಲ ಅಂತಲೂ ಹೇಳಿತು. ತಿಳಿಸದಿದ್ದರೆ ಮೊದಲ ಸಲಕ್ಕೆ ದಂಡ ಹೆಚ್ಚೆಂದರೆ 500 ರೂಪಾಯಿ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೌಶಲವಿಲ್ಲದ ಕಚೇರಿ ಕೆಲಸಗಳನ್ನು ಕಾಯ್ದೆ ಹೊರಗಿಟ್ಟಿತು. ಯಾವುವು ಆ ಕೆಲಸಗಳು? ಜವಾನ, ದಫ್ತರಿ, ಧೂಳು ಒರೆಸುವವನು, ಕಾಗದದ ಕಟ್ಟು ಹೊರುವವನು, ಕಾವಲುಗಾರ, ಕಸ ಗುಡಿಸುವವನು. ಅಂದರೆ ನಮ್ಮ ಕೇರಿಯ ಕೈಗೆ ಎಟುಕುತ್ತಿದ್ದ ಕೆಲಸಗಳೇ. ಎಂಜಿನಿಯರನ ಹುದ್ದೆ ಖಾಲಿಯಾದರೆ ಊರಿಗೆಲ್ಲ ತಿಳಿಯಬೇಕು, ಜವಾನನ ಹುದ್ದೆ ಸಾಹೇಬರ ಮನೆ ಹಿತ್ತಿಲಲ್ಲಿ ಹಂಚಿಹೋಗಬಹುದು. ಕಾಯ್ದೆ ಬರೆದವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳುತ್ತಿಲ್ಲ. ಆ ಕೆಲಸಕ್ಕೂ ಒಂದು ಸಾಲು, ಒಂದು ನ್ಯಾಯ ಬೇಕು ಅಂತ ಅವರಿಗೆ ಅನ್ನಿಸಲೇ ಇಲ್ಲ. ನಮ್ಮ ಪಾಲಿಗೆ ಎರಡರ ಫಲವೂ ಒಂದೇ. ಈಗ ಆ ಕಾಯ್ದೆಯ ಜಾಗಕ್ಕೆ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, 2025ರ ನವೆಂಬರ್ 21ರಿಂದ ಜಾರಿಯಾಗಿದೆ. ಕಚೇರಿಗೆ ಕೆರಿಯರ್ ಸೆಂಟರ್ ಅನ್ನುವ ಹೊಸ ಹೆಸರು ಬಂದಿದೆ.

ಸರಿಯದ ಸಾಲಿನ ಪಕ್ಕದಲ್ಲಿ ಏಜೆನ್ಸಿ ಅಂಗಡಿ ತೆರೆಯಿತು. ಇದರ ಲೆಕ್ಕ ಸರಳ. ಕಂಪನಿ ಏಜೆನ್ಸಿಗೆ ತಲೆಗಿಷ್ಟು ಅಂತ ಕೊಡುತ್ತದೆ. ಅದರಲ್ಲಿ ಸಂಬಳ, ಪಿಎಫ್, ಇಎಸ್‌ಐ, ಮೇಲೆ ಏಜೆನ್ಸಿಯ ಸರ್ವಿಸ್ ಚಾರ್ಜು. ದುಡಿಯುವವನು ನಿಂತಿರುವುದು ಕಂಪನಿಯ ನೆಲದ ಮೇಲೆ, ಅವನ ಹೆಸರಿರುವುದು ಏಜೆನ್ಸಿಯ ಪುಸ್ತಕದಲ್ಲಿ. ಸಂಬಳ ಯಾಕೆ ಬರಲಿಲ್ಲ ಅಂದರೆ ಕಂಪನಿ ಏಜೆನ್ಸಿಯ ಕಡೆ ಕೈ ತೋರುತ್ತದೆ, ಏಜೆನ್ಸಿ ‘ಬಿಲ್ ಪಾಸಾಗಿಲ್ಲ ಕಣಪ್ಪ’ ಅನ್ನುತ್ತದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳಿತ್ತು. ಆ ಕಾಯ್ದೆ 20 ಜನರಿದ್ದ ಕಡೆಗೆಲ್ಲ ಅನ್ವಯವಾಗುತ್ತಿತ್ತು. ಅದರ ಬದಲಿಗೆ ಬಂದ ಸಂಹಿತೆಯಲ್ಲಿ ಈ ಸಂಖ್ಯೆ 50. ಗುತ್ತಿಗೆ ನಿಷೇಧವಾದ ಕಡೆಯೂ ಕಾರ್ಮಿಕ ತಂತಾನೇ ಕಾಯಂ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟು 2001ರಲ್ಲೇ ಹೇಳಿಬಿಟ್ಟಿದೆ.

ಇನ್ನು ಹೆಸರಿನ ಮಾತು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್‌ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಓದು, ಒಂದೇ ಅರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಖಾಸಗಿ ಕಂಪನಿಗಳಿಗೆ ಕಳಿಸಿದರು. ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೆ, ಅದಕ್ಕಿಂತಲೂ ಮುಸ್ಲಿಂ ಹೆಸರಿಗೆ ಕರೆ ಬರುವ ಸಂಭವ ಕಡಿಮೆ ಇತ್ತು. ಅರ್ಹತೆ ಅನ್ನುವ ತಕ್ಕಡಿಯಲ್ಲಿ ಹೆಸರು ಒಂದು ಕಲ್ಲು. ದೊಡ್ಡನೆಕ್ಕುಂದಿ ಸೇರಿರುವ ಮಹದೇವಪುರ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ವಿಧಾನಸೌಧದ ಬಾಗಿಲಿಗೆ ಮೀಸಲಾತಿ ಇದೆ, ಇಲ್ಲಿನ ಕಾರ್ಖಾನೆ ಗೇಟಿಗೆ ಇಲ್ಲ. ಅಲ್ಲಿ ನಡೆಯುವುದು ‘ಒಂದ್ ಮಾತು ಹೇಳ್ಬುಡಿ ಸಾರ್’.

ಸರ್ಕಾರವೂ ಇದೇ ದಾರಿ ಹಿಡಿದದ್ದನ್ನು ಪೌರಕಾರ್ಮಿಕರು ಬಲ್ಲರು. ಬೆಂಗಳೂರಿನ ಬೀದಿ ಗುಡಿಸುವವರಲ್ಲಿ ಬಹುಪಾಲು ನಮ್ಮ ಹೆಣ್ಣುಮಕ್ಕಳು. ವರ್ಷಗಟ್ಟಲೆ ಗುತ್ತಿಗೆದಾರನ ಕೈಯಿಂದ ಕೂಲಿ ಪಡೆದರು. ಹೋರಾಡಿ ನೇರ ಪಾವತಿ ತಂದರು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಕೂತರು. 2025ರ ಮೇ 1ರಂದು 12,692 ಮಂದಿಗೆ ಕಾಯಂ ನೇಮಕದ ಆದೇಶ ಸಿಕ್ಕಿತು. ನಡುವಿನವನನ್ನು ತೆಗೆದರೆ ಊರು ಕೊಳೆತು ನಾರುತ್ತದೆ ಅನ್ನುತ್ತಿದ್ದವರಿಗೆ ಇದು ಉತ್ತರ. 2024ರಲ್ಲಿ ರಾಜ್ಯ ಸರ್ಕಾರ ತನ್ನ ಇಲಾಖೆಗಳ ಹೊರಗುತ್ತಿಗೆ ಕೆಲಸದಲ್ಲೂ ಮೀಸಲಾತಿ ಪಾಲಿಸಬೇಕು ಅಂತ ಆದೇಶ ಮಾಡಿತು. ಒಳ್ಳೆಯದೇ. ಆದರೆ ಅಭದ್ರ ಕೆಲಸದಲ್ಲಿ ಪಾಲು ಕೊಟ್ಟರೆ ಅಭದ್ರತೆಯೂ ಪಾಲಿಗೆ ಬಂದಂತೆಯೇ.

ಇಷ್ಟೆಲ್ಲ ಹೇಳಿ ನಾನು ಏಜೆನ್ಸಿಯ ನನ್ನ ಶಿಷ್ಯನನ್ನು ಖಳನಾಯಕ ಮಾಡಲಾರೆ. ಅವನೂ ಕೇರಿಯ ಹುಡುಗ, ಸೆಕ್ಯುರಿಟಿ ಕೆಲಸದಿಂದ ಮೇಲೆ ಬಂದವನು. ಒಂದು ದಿನ ಮುಖಾಮುಖಿ ಕೇಳಿದೆ. ಅವನು ಹೇಳಿದ: ‘ಸಾರ್, ಸರ್ಕಾರದ ಆಫೀಸು ಇಪ್ಪತ್ ವರ್ಷ ಕಾರ್ಡ್ ಕೊಡ್ತು, ಕೆಲ್ಸ ಕೊಡ್ಲಿಲ್ಲ. ನಾನ್ ಕಾರ್ಡ್ ಕೊಡಲ್ಲ, ಕೆಲ್ಸ ಕೊಡ್ತೀನಿ. ಯಾವ್ದು ದೊಡ್ದು ನೀವೇ ಹೇಳಿ.’ ಈ ಪ್ರಶ್ನೆಯನ್ನು ಘೋಷಣೆ ಕೂಗಿ ಮುಚ್ಚಿಹಾಕುವುದು ಅಪ್ರಾಮಾಣಿಕತೆ. ಹಸಿದವನಿಗೆ ಸರಿಯದ ಸಾಲಿನ ನ್ಯಾಯಕ್ಕಿಂತ ಇವತ್ತಿನ ಕೂಲಿ ದೊಡ್ಡದು. ಕೂಡಿಸುವುದೂ ಒಂದು ಶ್ರಮವೇ, ಶ್ರಮಕ್ಕೆ ಪ್ರತಿಫಲ ತಪ್ಪಲ್ಲ.

ತಪ್ಪು ಇರುವುದು ಬೇರೆ ಕಡೆ. ಮೊದಲನೆಯದು, ಆ ಪ್ರತಿಫಲ ಯಾರ ಜೇಬಿನಿಂದ ಬರುತ್ತದೆ ಅನ್ನುವುದು. ಕೆಲಸ ಹುಡುಕುವವನಿಗೆ ಪುಕ್ಕಟೆ ಸಾರ್ವಜನಿಕ ಕಚೇರಿ ಇರಬೇಕು ಅಂತ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1919ರಲ್ಲೇ ಒಪ್ಪಂದ ಮಾಡಿತ್ತು. ಖಾಸಗಿ ಏಜೆನ್ಸಿ ಕಾರ್ಮಿಕನಿಂದ ಶುಲ್ಕ ವಸೂಲು ಮಾಡಬಾರದು ಅನ್ನುವ 1997ರ ಒಪ್ಪಂದಕ್ಕೆ ಭಾರತ ಇನ್ನೂ ಸಹಿ ಹಾಕಿಲ್ಲ. ನೋಂದಣಿ ದುಡ್ಡು, ಯೂನಿಫಾರಂ ದುಡ್ಡು, ಮೊದಲ ಸಂಬಳದಲ್ಲಿ ಪಾಲು, ಇವೆಲ್ಲ ಇಲ್ಲದವನ ಜೇಬಿನಿಂದ ಕೀಳುವ ದುಡ್ಡು.

ಎರಡನೆಯದು ಗುಟ್ಟು. ‘ಎಲ್ಲಿ ಕೆಲಸ ಇದೆ, ಸಂಬಳ ಎಷ್ಟು, ನಿನ್ನ ಪಾಲೆಷ್ಟು, ಮೂರನ್ನೂ ಬೋರ್ಡಿನ ಮೇಲೆ ಬರಿ’ ಅಂದೆ. ಅವನು ನಕ್ಕ: ‘ಬೋರ್ಡಿಗೆ ಹಾಕ್ಬುಟ್ರೆ ನನ್ನತ್ರ ಯಾಕ್ ಬರ್ತಾರೆ ಸಾರ್?’ ಅವನು ಮಾರುತ್ತಿರುವುದು ಕೆಲಸವನ್ನಲ್ಲ, ಕೆಲಸದ ಸುದ್ದಿಯನ್ನು. ಸುದ್ದಿ ಕತ್ತಲಲ್ಲಿದ್ದಷ್ಟೂ ಅದಕ್ಕೆ ಬೆಲೆ.

ಮೂರನೆಯದು ಋಣ. ಇದರಲ್ಲಿ ನಾನು ಅವನಿಗಿಂತ ಹೆಚ್ಚು ತಪ್ಪಿತಸ್ಥ. ಹೋದ ವಾರ ಹುಡುಗ ಸಿಕ್ಕಿದ. ಇಎಸ್‌ಐ ಕಾರ್ಡು ಬಂತಾ ಅಂದೆ. ಇಲ್ಲ. ಹನ್ನೆರಡು ತಾಸು ದುಡಿಸುತ್ತಾರೆ, ಓವರ್‌ಟೈಮು ಕೊಡುತ್ತಾರಾ ಅಂದೆ. ಇಲ್ಲ. ಯಾಕಪ್ಪ ಕೇಳಲಿಲ್ಲ ಅಂದರೆ ಹೇಳಿದ: ‘ಹೆಂಗ್ ಕೇಳದು ಸಾರ್? ನೀವು ಹೇಳಿ ಸೇರ್ಸಿದ್ದು. ನಾನ್ ಜಗಳ ಮಾಡಿದ್ರೆ ನಿಮ್ ಹೆಸ್ರು ಕೆಡಲ್ವಾ?’

ನನ್ನ ಒಂದು ಮಾತು ಅವನಿಗೆ ಕೆಲಸ ಕೊಡಿಸಿತು, ಬಾಯಿ ಕಟ್ಟಿಹಾಕಿತು. ಇಎಸ್‌ಐ ಅವನ ಹಕ್ಕು, ಆದರೆ ನನ್ನ ಉಪಕಾರ ಆ ಹಕ್ಕಿನ ಮೇಲೆ ಕೂತಿದೆ. ಉಪಕಾರದಿಂದ ಪಡೆದ ಕೆಲಸದಲ್ಲಿ ಹಕ್ಕು ಕೇಳುವುದು ಕೃತಘ್ನತೆಯಂತೆ ಕಾಣುತ್ತದೆ. ಹಳೆಮಗನನ್ನು ತಲೆಮಾರುಗಟ್ಟಲೆ ಕಟ್ಟಿದ್ದ ಹಗ್ಗ ಇದೇ ಅಲ್ಲವೇ?

ಹಳ್ಳಿ ಹಳ್ಳಿಯಲ್ಲಿರುವ ಮೇಷ್ಟ್ರುಗಳೇ, ಸಂಘಟನೆಯ ಗೆಳೆಯರೇ, ನಿಮ್ಮ ಹತ್ತಿರವೂ ಹುಡುಗರು ಬರುತ್ತಾರೆ. ಅವರಿಗೆ ಇಲ್ಲ ಅನ್ನಿ ಅಂತ ನಾನು ಹೇಳಲಾರೆ. ಹಸಿವಿನ ಮುಂದೆ ನಿಂತು ತತ್ವ ಹೇಳುವುದು ಹೊಟ್ಟೆ ತುಂಬಿದವರ ಚಾಳಿ. ಆದರೆ ನನ್ನ ಹತ್ತಿರ ಬಂದ ಒಬ್ಬನಿಗೆ ಮಾತು ಹೇಳಿದಾಗ, ಬರಲು ಸಂಕೋಚಪಟ್ಟ ಒಂಬತ್ತು ಹುಡುಗರನ್ನು ನಾನು ಹಿಂದಕ್ಕೆ ತಳ್ಳಿದೆ. ಆ ಲೆಕ್ಕವನ್ನು ಮರೆಯಬೇಡಿ.

ಈಗ ನಾವು ಕೆಲವರು ಸೇರಿ ಒಂದು ನೋಟ್‌ಬುಕ್ಕು ಇಟ್ಟಿದ್ದೇವೆ. ಈ ಕಡೆ ಎಲ್ಲಿ ಕೆಲಸ ಇದೆ, ಸಂಬಳ ಎಷ್ಟು, ಯಾವ ಏಜೆನ್ಸಿ ದುಡ್ಡು ಕೇಳುತ್ತದೆ, ಯಾರು ಪಿಎಫ್ ಕಟ್ಟುವುದಿಲ್ಲ ಅನ್ನುವುದನ್ನು ದುಡಿಯುವವರೇ ಬಂದು ಹೇಳುತ್ತಾರೆ, ಬರೆದು ಗೋಡೆಗೆ ಅಂಟಿಸುತ್ತೇವೆ. ಸಣ್ಣ ಕೆಲಸ. ಸರ್ಕಾರ ಮಾಡಬೇಕಾದ್ದಕ್ಕೆ ಇದು ಬದಲಿಯಲ್ಲ. ಎಲ್ಲ ಕೆಲಸಕ್ಕೂ, ಜವಾನನ ಕೆಲಸಕ್ಕೂ, ಬಹಿರಂಗ ಸಾಲು ಬೇಕು, ಆ ಸಾಲಿನಿಂದಲೇ ತೆಗೆದುಕೊಳ್ಳುವ ಕಟ್ಟುಪಾಡು ಬೇಕು ಅನ್ನುವ ಬೇಡಿಕೆಯನ್ನು ನಾವು ಬಿಡುವುದಿಲ್ಲ.

ಹುಡುಗನ ತಾಯಿಯ ಮನೆಗೆ ಹೋಗಿ ಹೇಳಿಬಂದೆ: ‘ಅಕ್ಕ, ನನ್ನ ಋಣ ಏನೂ ಇಲ್ಲ. ಅವನು ಓದಿದ್ದ, ಕೆಲಸ ಖಾಲಿ ಇತ್ತು.’ ಅವರು ನಂಬಿದರೋ ಇಲ್ಲವೋ, ಸುಮ್ಮನೆ ಟೀ ಕೊಟ್ಟರು. ಬರುವ ಸೋಮವಾರ ಹುಡುಗ ಇನ್ನೂ ನಾಲ್ಕು ಜನರನ್ನು ಕೂಡಿಸಿಕೊಂಡು ಇಎಸ್‌ಐ ಕೇಳಲು ಹೋಗುತ್ತಾನಂತೆ. ‘ನೀವ್ ಒಂದ್ ಮಾತು ಹೇಳ್ತೀರಾ ಸಾರ್?’ ಅಂದ. ಈ ಸಲ ಇಲ್ಲ ಅಂದೆ. ಮಾತು ಅವರೇ ಆಡಲಿ. ನಾನು ಗೇಟಿನ ಹೊರಗೆ ಅವರ ಜೊತೆ ನಿಂತಿರುತ್ತೇನೆ.