ಎಷ್ಟು ವೇಗ, ಯಾರಿಗೆ?

ನಮ್ಮ ಮನೆಗೆ ಹೊಸ ಇಂಟರ್ನೆಟ್ ಸಂಪರ್ಕವನ್ನು ಗೊತ್ತುಮಾಡುವ ಹೊಣೆ ಈಚೆಗೆ ನನ್ನ ಪಾಲಿಗೆ ಬಂತು. ಮಗನಿಗೆ ಬಿಡುವಿಲ್ಲ, ಸೊಸೆಗೆ ಅವನಿಗಿಂತಲೂ ಇಲ್ಲ. "ಅಪ್ಪ, ನೀವು ಹೇಗೂ ಮನೆಯಲ್ಲೇ ಇರ್ತೀರಲ್ಲ, ನಾಲ್ಕು ಕಡೆ ವಿಚಾರಿಸಿ ಒಂದನ್ನು ಆರಿಸಿಬಿಡಿ" ಎಂದ. ನಿವೃತ್ತನಾದವನನ್ನು ಇಂಥ ಕೆಲಸಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಮೂರು ದಿನಗಳಲ್ಲಿ ನಾಲ್ಕು ಕಂಪನಿಗಳ ದರಪಟ್ಟಿಗಳು ಊಟದ ಮೇಜಿನ ಮೇಲೆ ಬಂದು ಕುಳಿತವು. ನಲವತ್ತು, ನೂರು, ಮುನ್ನೂರು, ಸಾವಿರ. ಅದಕ್ಕೆ ತಕ್ಕ ಹಣ, ಹಣದ ಮೇಲೆ ನೂರಕ್ಕೆ ಹದಿನೆಂಟರ ತೆರಿಗೆ. ಎಲ್ಲದರ ಮೇಲೂ 'ಅನಿಯಮಿತ' ಎಂದು ದಪ್ಪಕ್ಷರ. ಆ ಅನಿಯಮಿತಕ್ಕೊಂದು ನಿಯಮವಿರುವುದು ಮಾತ್ರ ಕನ್ನಡಕ ಹಾಕಿಕೊಂಡವರಿಗೆ ಕಾಣುವ ಸಣ್ಣಕ್ಷರದಲ್ಲಿ.

ಆಯ್ಕೆ ಎಂಬುದು ನಮ್ಮ ತಲೆಮಾರಿಗೆ ಅಭ್ಯಾಸವಿಲ್ಲದ ಪದಾರ್ಥ. ಟೆಲಿಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ನಾವು. ಅದು ಬಂದ ದಿನ ಮನೆಯಲ್ಲಿ ಪಾಯಸ ಮಾಡಿದ್ದುಂಟು. ಸಾರ್ವಜನಿಕರಿಗೆ ಇಂಟರ್ನೆಟ್ ದೊರೆತದ್ದು 1995ರ ಆಗಸ್ಟ್ 15ರಂದು. 2004ರಲ್ಲಿ ಸರ್ಕಾರ ಸೆಕೆಂಡಿಗೆ 256 ಕಿಲೋಬಿಟ್ ಹರಿಸುವ ತಂತಿಯನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು; 2023ರಲ್ಲಿ ಆ ಮಾನವನ್ನು 2 ಮೆಗಾಬಿಟ್‌ಗೆ ಏರಿಸಿತು. ನನ್ನ ಮುಂದಿದ್ದ ಪಟ್ಟಿಯ ಮುನ್ನೂರು ಅದರ ನೂರೈವತ್ತು ಪಾಲು. ಇಷ್ಟು ಏತಕ್ಕೆ ಎಂಬ ಪ್ರಶ್ನೆ ಹುಟ್ಟಿದ್ದು ಸಹಜ.

ವೇಗದ ವಿಷಯದಲ್ಲಿ ನನಗೂ ಒಂದಿಷ್ಟು ತಿಳಿವಳಿಕೆ ಉಂಟೆಂದು ಹೇಳಿಕೊಂಡರೆ ಓದುಗರು ಜಂಭವೆಂದು ತಿಳಿಯಬಾರದು. ಮೂವತ್ತು ವರ್ಷ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತವನು ನಾನು. ಹಿತ್ತಾಳೆಯನ್ನು ಜೋರಾಗಿ ತಿರುಗಿಸಬಹುದು; ಗಟ್ಟಿ ಉಕ್ಕು ನಿಧಾನವನ್ನು ಬೇಡುತ್ತದೆ. ಕೆಲಸದ ತುಂಡಿನ ವ್ಯಾಸ ಹಿಗ್ಗಿದಷ್ಟೂ ಸುತ್ತನ್ನು ತಗ್ಗಿಸಬೇಕು. ಹೊಸದಾಗಿ ಸೇರಿದ ಹುಡುಗರು ಯಂತ್ರದಲ್ಲಿ ಇದೆಯೆಂಬ ಒಂದೇ ಕಾರಣಕ್ಕೆ ಮೇಲಿನ ವೇಗಕ್ಕೆ ಹಾಕಿ ಟೂಲಿನ ಮೊನೆಯನ್ನು ಸುಟ್ಟುಕೊಳ್ಳುತ್ತಿದ್ದರು. ನಮ್ಮ ಮೇಸ್ತ್ರಿ ಬೈಯುತ್ತಿರಲಿಲ್ಲ. "ಮೊದಲು ಕೈಲಿರೋದು ಏನು ಅಂತ ನೋಡಪ್ಪ" ಎನ್ನುತ್ತಿದ್ದ, ಅಷ್ಟೆ.

ಅದೇ ಮಾತನ್ನು ಹಿಡಿದು ಮನೆಯ ಲೆಕ್ಕಕ್ಕೆ ಕುಳಿತೆ. ಮಗ ರಾತ್ರಿ ಹೊತ್ತು ಸಾಗರದಾಚೆಯವರೊಡನೆ ನಡೆಸುವ ಸಭೆಗೆ ಮೂರೋ ನಾಲ್ಕೋ ಮೆಗಾಬಿಟ್, ಸೊಸೆಯದಕ್ಕೂ ಅಷ್ಟೆ. ಮನೆಯಾಕೆಯ ಧಾರಾವಾಹಿಗೆ ಐದು. ಮೊಮ್ಮಗ ದೊಡ್ಡ ಪರದೆಯಲ್ಲಿ ಅತಿ ಸ್ಫುಟವಾಗಿ ಸಿನಿಮಾ ನೋಡಿದರೂ ಇಪ್ಪತ್ತೈದು. ನಾನು ಓದುವ ಪತ್ರಿಕೆಗೆ ಲೆಕ್ಕವೇ ಬೇಡ. ಎಲ್ಲರೂ ಒಂದೇ ಗಳಿಗೆಯಲ್ಲಿ ಹಟ ಹಿಡಿದರೂ ನಲವತ್ತು ದಾಟುವುದು ಕಷ್ಟ. ನಮ್ಮಲ್ಲಿದ್ದುದು ನೂರರದು. ಇದನ್ನು ಹೇಳಿದಾಗ ಮಗ ನಕ್ಕು, "ಎದುರು ಮನೆಯವರು ಮುನ್ನೂರು ಹಾಕಿಸಿದ್ದಾರೆ" ಎಂದ. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ವೇಗ ಎಂಬುದು ಉಪಯೋಗಿಸುವುದಕ್ಕಲ್ಲ, ಇದೆಯೆಂದು ತಿಳಿದಿರುವುದಕ್ಕೆ ಎಂದು ಕಾಣುತ್ತದೆ, ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ.

ಲೆಕ್ಕ ಇಲ್ಲಿಗೆ ನಿಲ್ಲಬಹುದಿತ್ತು. ಆದರೆ ನೂರರಲ್ಲಿ ಉಳಿದ ಅರವತ್ತನ್ನು ಕಾಗದದ ಮೇಲೆ ಬರೆದಾಗ, ಐದಾರು ವರ್ಷಗಳಿಂದ ಮನಸ್ಸಿನ ಮೂಲೆಯಲ್ಲಿ ಕೂತಿದ್ದ ಒಂದು ಸಂಗತಿ ಎದ್ದು ನಿಂತಿತು.

2020ನೆಯ ಇಸವಿಯ ಮಾತು. ಶಾಲೆಗಳೆಲ್ಲ ಮುಚ್ಚಿ ಪಾಠಗಳು ಫೋನಿನೊಳಕ್ಕೆ ಹೊಕ್ಕಿದ್ದವು. ಫೋನಿಲ್ಲದ ಮಕ್ಕಳಿಗಾಗಿ ಆ ಆಗಸ್ಟಿನಲ್ಲಿ ಶಿಕ್ಷಣ ಇಲಾಖೆ 'ವಿದ್ಯಾಗಮ'ವನ್ನು ಆರಂಭಿಸಿ, ಮೇಷ್ಟರುಗಳು ಗುಡಿಯ ಜಗಲಿ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ನಮ್ಮ ಕಟ್ಟಡದ ಕಾವಲುಗಾರ ಕೆಳಗಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ್ದ. ಅವನ ಮಗಳು ಏಳನೆಯ ತರಗತಿಯಲ್ಲಿದ್ದಳು. ಒಂದು ಬೆಳಿಗ್ಗೆ ಬಾಗಿಲ ಬಳಿ ನಿಂತು, "ತಾತ, ಕ್ಲಾಸ್ ನಡೀತಾ ಇದ್ದಾಗ ಡೇಟಾ ಮುಗಿದುಹೋಗತ್ತೆ. ನಿಮ್ಮ ವೈಫೈ ಪಾಸ್‌ವರ್ಡ್ ಕೊಡ್ತೀರಾ? ಒಂದೇ ಗಂಟೆ" ಎಂದು ಕೇಳಿದಳು.

ನಾನು "ನೋಡೋಣಮ್ಮ" ಎಂದೆ.

ಕನ್ನಡದಲ್ಲಿ 'ನೋಡೋಣ' ಎಂದರೆ ಏನು ಅರ್ಥವೆಂದು ಏಳನೆಯ ತರಗತಿಯ ಮಕ್ಕಳಿಗೂ ತಿಳಿದಿರುತ್ತದೆ. ಅವಳು ಮತ್ತೆ ಕೇಳಲಿಲ್ಲ. ಕೆಲವು ದಿನ ಮೂರನೆಯ ಮಹಡಿಯ ಮೆಟ್ಟಿಲ ಮೇಲೆ ಫೋನನ್ನು ಕಿಟಕಿಗೆ ಹಿಡಿದು ಕೂತಿರುತ್ತಿದ್ದಳು. ಮರುವರ್ಷ ಅವಳ ತಂದೆ ಕೆಲಸ ಬಿಟ್ಟು ಊರಿಗೆ ಹೊರಟುಹೋದ.

ನನ್ನ ಬಳಿ ಕಾರಣಗಳಿರಲಿಲ್ಲವೆಂದಲ್ಲ. ಸಂಪರ್ಕವನ್ನು ಮನೆಯ ಹೊರಗಿನವರೊಡನೆ ಹಂಚಿಕೊಳ್ಳಕೂಡದೆಂದು ಕರಾರಿನಲ್ಲಿ ಬರೆದಿತ್ತು. ನಮ್ಮ ಹೆಸರಿನ ತಂತಿಯಲ್ಲಿ ಯಾರಾದರೂ ಮಾಡಬಾರದ್ದನ್ನು ಮಾಡಿದರೆ ಪೊಲೀಸರು ಮೊದಲು ಬರುವುದು ನಮ್ಮ ಬಾಗಿಲಿಗೆ. ಇವೆರಡೂ ನಿಜವೇ. ಆದರೆ ಅವಳು ಕೇಳಿದ ಗಳಿಗೆಯಲ್ಲಿ ಇವೆರಡೂ ನನಗೆ ಹೊಳೆದಿರಲಿಲ್ಲ; ಅವಳು ಮೆಟ್ಟಿಲಿಳಿದ ಮೇಲೆ ಹುಡುಕಿ ತೆಗೆದದ್ದು. ಮೊದಲು ಹೊಳೆದದ್ದು 'ನಮ್ಮದು' ಎಂಬ ಮಾತೊಂದೇ.

ನಮ್ಮದು ಎಂದರೆ ಏನು? ಮನೆಗೆ ಬರುವುದು ಕೂದಲಿಗೆ ಸಮನಾದ ಗಾಜಿನ ಎಳೆ. ಅದರೊಳಗೆ ಬೆಳಕು ಓಡುತ್ತದೆ. ಒಂದು ಎಳೆ ರಸ್ತೆಯ ಪೆಟ್ಟಿಗೆಯೊಂದರಲ್ಲಿ ಮೂವತ್ತೆರಡು ಮನೆಗಳಿಗೂ ಕವಲೊಡೆಯಬಹುದು. ನಾವು ನೂರು ಎಂದು ಕೊಂಡದ್ದು ಚೀಲದಲ್ಲಿ ಕಟ್ಟಿಟ್ಟ ಅಕ್ಕಿಯಲ್ಲ. ಎಲ್ಲರ ಹರಿವಿನಲ್ಲಿ ನಮಗೊಂದು ಬಾಯಿ. ಉಪಯೋಗಿಸದೆ ಬಿಟ್ಟ ವೇಗವನ್ನು ನಾಳೆಗೆ ಕೂಡಿಡಲಾಗದು. ಆ ಅರವತ್ತನ್ನು ನಾನು ಅವಳಿಗೂ ಕೊಡಲಿಲ್ಲ, ನಾನೂ ಉಣ್ಣಲಿಲ್ಲ.

ನಮ್ಮ ಹಿರಿಯರು ಬೇಸಿಗೆಯಲ್ಲಿ ದಾರಿಯ ಪಕ್ಕ ಅರವಟ್ಟಿಗೆ ಇಡುತ್ತಿದ್ದರು, ನೀರು ಕೇಳಿದವನಿಗೆ ಇಲ್ಲ ಎನ್ನುತ್ತಿರಲಿಲ್ಲ ಎಂದು ಇಲ್ಲಿ ಬರೆದು ನಿಟ್ಟುಸಿರುಬಿಡುವುದು ಸುಲಭ. ಬರೆಯಲು ಕೈ ಬರುವುದಿಲ್ಲ. ಎಲ್ಲರಿಗೂ ನೀರಿದ್ದದ್ದು ನಿಜವಲ್ಲ. ಊರ ಬಾವಿಯನ್ನು ಮುಟ್ಟಲು ಬಿಡದೆ ದೂರದಲ್ಲಿ ಬೊಗಸೆಯೊಡ್ಡಿ ನಿಲ್ಲಿಸಿದ ಜನರಿದ್ದರು. ಮೇಲಿನಿಂದ ಹೊಯ್ದ ನೀರನ್ನೇ ಅವರು ಕುಡಿಯಬೇಕಾಗಿತ್ತು. ನಮ್ಮ ಎಲೆಕ್ಟ್ರಾನಿಕ್ ಸಿಟಿ ಎದ್ದದ್ದು, 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರ ಕನಸಿನಂತೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರುಗಳ 332 ಎಕರೆಯಲ್ಲಿ. ಅಗ್ರಹಾರ ಎಂದರೆ ದಾನವಾಗಿ ಬಂದ ಊರು ತಾನೇ? ದಾನ ಯಾರಿಗೆ ಸಂದಿತು, ಯಾರು ಹೊರಗುಳಿದರು ಎಂಬ ಪ್ರಶ್ನೆ ಆ ಹೆಸರಿನಲ್ಲಿಯೇ ಅಡಗಿದೆ.

ಈ ಹಿನ್ನೆಲೆಯಲ್ಲಿ ಮಗ ಸೂಚಿಸಿದ ಒಂದು ಉಪಾಯ ನನ್ನನ್ನು ಇನ್ನಷ್ಟು ತೊಡಕಿಗೆ ಸಿಕ್ಕಿಸಿತು. ನನ್ನ ಹಳೆಯ ಸಂಕಟವನ್ನು ಕೇಳಿ ಅವನು, "ಅದಕ್ಕೇನಪ್ಪ, ರೂಟರಿನಲ್ಲಿ ಅತಿಥಿಗಳಿಗೆ ಅಂತಲೇ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಮಾಡಬಹುದು. ನಮ್ಮ ಕಂಪ್ಯೂಟರುಗಳ ತಂಟೆಗೆ ಅವರು ಬರೋ ಹಾಗಿಲ್ಲ. ವೇಗವನ್ನೂ ಕಮ್ಮಿ ಮಾಡಿಡಬಹುದು" ಎಂದ. ಬುದ್ಧಿವಂತಿಕೆಯ ಮಾತು. ಆದರೆ 'ಬೇರೆ' ಎಂದು ಅವನು ಎರಡು ಸಲ ಹೇಳಿದಾಗ, ನನ್ನ ತಂದೆಯ ಹಳ್ಳಿಯ ಹೋಟೆಲಿನ ಹೊರಗೆ ಗೂಟಕ್ಕೆ ತಗಲುಹಾಕಿದ್ದ ಬೇರೆ ಲೋಟ ಕಣ್ಣಿಗೆ ಕಟ್ಟಿತು.

ಇದು ಅದೇ ಲೋಟವೇ? ಎರಡು ರಾತ್ರಿ ಈ ಪ್ರಶ್ನೆಯೊಡನೆ ಹೊರಳಾಡಿದೆ. ಆ ಲೋಟದ ದೋಷ ಅದು ಬೇರೆಯಾಗಿದ್ದುದರಲ್ಲಿ ಮಾತ್ರ ಇರಲಿಲ್ಲ. ಕುಡಿಯುವವನು ಯಾರೆಂದು ನೋಡಿ ಅದನ್ನು ತೋರಿಸುತ್ತಿದ್ದುದರಲ್ಲಿತ್ತು. ಮಗನ ಕಚೇರಿಯ ಮೇಲಧಿಕಾರಿ ಮನೆಗೆ ಬಂದಾಗಲೂ ಇದೇ ಅತಿಥಿಯ ಬಾಗಿಲನ್ನೇ ತೋರಿಸುವುದಾದರೆ ಅದು ಬರಿಯ ಎಚ್ಚರಿಕೆ. ಅಧಿಕಾರಿಗೆ ಒಳಗಿನ ಪಾಸ್‌ವರ್ಡ್, ಕಾವಲುಗಾರನ ಮಗಳಿಗೆ ಹೊರಗಿನದು ಎಂದಾದರೆ ಅದು ಲೋಟವೇ. ಮಗನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ತಿಂಗಳು ಅವರು ಬಂದಾಗ ನಮ್ಮದನ್ನೇ ಕೊಟ್ಟೆ" ಎಂದ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅದಕ್ಕೆ ಅವನನ್ನು ಮೆಚ್ಚಬೇಕು.

ಉಳಿದದ್ದು ಕರಾರಿನ ಮಾತು. ಒಪ್ಪಿ ರುಜು ಹಾಕಿದ ಮೇಲೆ ಅದನ್ನು ಗುಟ್ಟಾಗಿ ಮುರಿದು ಔದಾರ್ಯವೆಂದು ಬೀಗುವುದು ನನಗೆ ಒಗ್ಗುವುದಿಲ್ಲ. ಕಂಡವರ ಗಂಟಿನಲ್ಲಿ ದಾನ ಮಾಡಿದ ಹಾಗೆ ಅದು. ಆದರೆ ಕರಾರುಗಳೂ ಮನುಷ್ಯರು ಬರೆದವೇ. 2019ರಲ್ಲಿ ಕೇರಳದ ಹೈಕೋರ್ಟು, ಹಾಸ್ಟೆಲಿನ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆಯಲ್ಲಿ, ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿಗೆ ಸೇರಿದ್ದೆಂದು ಹೇಳಿತು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ, ಚಹಾದಂಗಡಿಯವನೂ ಲೈಸೆನ್ಸಿಲ್ಲದೆ ಗಿರಾಕಿಗಳಿಗೆ ವೈಫೈ ಒದಗಿಸಬಹುದಾದ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆ ಹುಡುಗಿ ನನ್ನ ಬಾಗಿಲಲ್ಲಿ ನಿಂತು ಹೋಗಿ ಆಗಲೇ ಕೆಲವು ತಿಂಗಳಾಗಿತ್ತು.

ಆದ್ದರಿಂದ ಈ ಸಲ ಕಂಪನಿಗಳಿಗೆ ಫೋನ್ ಮಾಡಿದಾಗ ವೇಗವನ್ನು ವಿಚಾರಿಸುವ ಮೊದಲು ಬೇರೊಂದು ಪ್ರಶ್ನೆ ಹಾಕಿದೆ: ಕಟ್ಟಡದ ಕೆಳಗಿನ ಕೋಣೆಗೆ, ಸಂಘದ ಹೆಸರಿನಲ್ಲಿ, ಎಲ್ಲ ಮನೆಯವರೂ ಸೇರಿ ಹಣ ಕೊಡುವಂತೆ ಒಂದು ಸಂಪರ್ಕ ಸಿಕ್ಕೀತೇ ಎಂದು. ಮೂವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ನಾಲ್ಕನೆಯವನು, ದನಿಯಿಂದ ಕೋಲಾರದ ಕಡೆಯ ಹುಡುಗನೆಂದು ತೋರಿತು, "ಸಿಗತ್ತೆ ಸಾರ್, ನಲವತ್ತರದು ಹಾಕಿಸಿ, ಅವರಿಗೆ ಸಾಕು" ಎಂದ.

"ನಮ್ಮ ಮನೆಗೂ ಅಷ್ಟೇ ಸಾಕು" ಎಂದು ಹೇಳಿ ಎರಡನ್ನೂ ನಲವತ್ತಕ್ಕೇ ಗೊತ್ತುಮಾಡಿದೆ. ಸಂಘದ ಸಭೆಯಲ್ಲಿ ಇದು ಇನ್ನೂ ತೀರ್ಮಾನವಾಗಿಲ್ಲ. ಎದುರು ಮನೆಯವರು, ಕಾವಲುಗಾರರು ಕೆಲಸದ ಹೊತ್ತಿನಲ್ಲಿ ಸಿನಿಮಾ ನೋಡುತ್ತಾ ಕೂರುತ್ತಾರೆ ಎಂದು ಆಕ್ಷೇಪಣೆ ಎತ್ತಿದ್ದಾರೆ. ಅಧ್ಯಕ್ಷರು "ನೋಡೋಣ" ಎಂದಿದ್ದಾರೆ. ಮುಂದಿನ ಭಾನುವಾರ ಮತ್ತೆ ಸಭೆ ಇದೆ.