ಆತ್ಮಸಾಕ್ಷಿ ಪಿತ್ರಾರ್ಜಿತವೆ?

ತಂದೆ ನಂಬಿದ್ದನ್ನೇ ಮಗನೂ ನಂಬಿದರೆ ಅದು ಯಾರ ನಂಬಿಕೆ? ಧರ್ಮದ ಮಟ್ಟಿಗೆ ಬ್ಯಾಪ್ಟಿಸ್ಟ್ ಕ್ರೈಸ್ತರು ಇದಕ್ಕೆ ನಿಷ್ಠುರವಾದ ಉತ್ತರ ಕೊಟ್ಟಿದ್ದಾರೆ. ಅವರು ಹಸುಗೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ತಿಳಿವಳಿಕೆ ಬಂದು, ಸಭೆಯ ಮುಂದೆ ನಿಂತು, ತನ್ನ ಬಾಯಿಂದಲೇ ನಂಬಿಕೆಯನ್ನು ಒಪ್ಪಿಕೊಂಡವರನ್ನಷ್ಟೇ ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಾರೆ. ಹೆತ್ತವರ ಭಕ್ತಿ ಎಷ್ಟೇ ಆಳವಾಗಿರಲಿ, ಮಕ್ಕಳ ಲೆಕ್ಕಕ್ಕೆ ಅದು ಬರುವುದಿಲ್ಲ. ಅಮೆರಿಕದ ಅಲಬಾಮಾ ರಾಜ್ಯದ ವಾಯವ್ಯ ಗುಡ್ಡಗಾಡಿನಲ್ಲಿರುವ ವಿನ್‌ಸ್ಟನ್ ಕೌಂಟಿಯಲ್ಲಿ ಈ ಪಂಥದ ಚರ್ಚುಗಳದೇ ಬಲ. ಆದರೆ ಅಲ್ಲಿ ಮತಪೆಟ್ಟಿಗೆಗೆ ಬೀಳುವ ಪಕ್ಷನಿಷ್ಠೆ ಮಾತ್ರ ಸುಮಾರು ನೂರೈವತ್ತು ವರ್ಷಗಳಿಂದ ಮನೆತನದ ಆಸ್ತಿಯಂತೆ ಇಳಿದು ಬಂದಿದೆ. ಅದನ್ನು ಆತ್ಮಸಾಕ್ಷಿಯ ಮತ ಎಂದು ಕರೆಯಬಹುದೇ ಎಂಬುದು ನನ್ನ ಪ್ರಶ್ನೆ. ಯಾವ ಪಕ್ಷ ಸರಿ ಎಂಬ ಚರ್ಚೆಗೆ ನಾನು ಇಲ್ಲಿ ಇಳಿಯುವುದಿಲ್ಲ.

1860ರಲ್ಲಿ ಈ ಕೌಂಟಿಯ ಜನಸಂಖ್ಯೆ ಮೂರೂವರೆ ಸಾವಿರದ ಆಸುಪಾಸು. ಅದರಲ್ಲಿ ಗುಲಾಮರು 122, ಅವರ ಒಡೆಯರು 14 ಮಂದಿ. ದೊಡ್ಡ ಹತ್ತಿ ತೋಟಗಳಿಗೆ ಒಗ್ಗದ ಗುಡ್ಡದ ನೆಲ, ಸ್ವಂತ ದುಡಿಮೆಯಿಂದ ಬದುಕುವ ಬಡ ರೈತರು. ಅಧ್ಯಕ್ಷ ಚುನಾವಣೆಯಲ್ಲಿ ಲಿಂಕನ್ ಗೆದ್ದೊಡನೆ ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯಗಳು ಅಮೆರಿಕದ ಒಕ್ಕೂಟವನ್ನು ತೊರೆಯಲು ಹೊರಟಾಗ ಈ ರೈತರು ಕ್ರಿಸ್ಟೋಫರ್ ಷೀಟ್ಸ್ ಎಂಬ ಎಳೆಯ ಶಾಲಾ ಮೇಷ್ಟರನ್ನು ಅದನ್ನು ತೀರ್ಮಾನಿಸಲು ರಾಜಧಾನಿ ಮಾಂಟ್ಗೊಮರಿಯಲ್ಲಿ ಸೇರಿದ ಸಮಾವೇಶಕ್ಕೆ ಆರಿಸಿ ಕಳಿಸಿದರು. 1861ರ ಜನವರಿ 11ರಂದು ಒಕ್ಕೂಟ ಬಿಡುವ ನಿರ್ಣಯ 61–39 ಮತಗಳಿಂದ ಅಂಗೀಕಾರವಾಯಿತು. ಷೀಟ್ಸ್ ಸಹಿ ಹಾಕಲಿಲ್ಲ. ಮುಂದೆ ಸೆರೆಮನೆ ಕಂಡರು. ಅದೇ ವರ್ಷ ಲೂನಿ ಎಂಬವನ ಹೆಂಡದಂಗಡಿಯಲ್ಲಿ ಸೇರಿದ ಜನ, ರಾಜ್ಯಕ್ಕೆ ಒಕ್ಕೂಟ ಬಿಡುವ ಹಕ್ಕಿದ್ದರೆ ಕೌಂಟಿಗೂ ರಾಜ್ಯ ಬಿಡುವ ಹಕ್ಕಿದೆ ಎಂದು ವಾದಿಸಿದರು. ನಮ್ಮ ಪಾಡಿಗೆ ನಮ್ಮನ್ನು ಬಿಡಿ ಎಂದು ಯುದ್ಧಕ್ಕಿಳಿದ ಎರಡೂ ಕಡೆಯವರನ್ನು ಕೇಳಿಕೊಂಡರು. ಯಾರೂ ಬಿಡಲಿಲ್ಲ. ಬೇರ್ಪಟ್ಟ ದಕ್ಷಿಣದ ಬಲವಂತದ ಸೈನ್ಯಭರ್ತಿಗೆ ಹೆದರಿ ಹಲವರು ಕಾಡು ಸೇರಿದರು, ಹಲವರು ಒಕ್ಕೂಟದ ಸೇನೆಯ ಒಂದನೇ ಅಲಬಾಮಾ ಅಶ್ವದಳ ಸೇರಿದರು. ಯುದ್ಧ ಮುಗಿದ ಮೇಲೆ ಲಿಂಕನ್ನರ ರಿಪಬ್ಲಿಕನ್ ಪಕ್ಷವೇ ಈ ಮನೆಗಳ ಪಕ್ಷವಾಯಿತು. ಸುತ್ತಲಿನ ದಕ್ಷಿಣವೆಲ್ಲ ಡೆಮಾಕ್ರಟಿಕ್ ಆಗಿದ್ದ ಕಾಲದಲ್ಲೂ ಅವರು ಕದಲಲಿಲ್ಲ.

ಇದರಲ್ಲಿ ಆತ್ಮಸಾಕ್ಷಿ ಎಲ್ಲಿಂದ ಬಂತು, ಗುಲಾಮರಿಲ್ಲದವರು ಒಡೆಯರ ಯುದ್ಧ ಬೇಡವೆಂದರು ಅಷ್ಟೆ ಎಂದು ಆಕ್ಷೇಪಿಸಬಹುದು. ಅರ್ಧ ನಿಜ. ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯನ್ನು ಪಾಪವೆಂದು ವಿರೋಧಿಸಿದವರೂ ಅಲ್ಲ; ಅವರನ್ನು ಸಂತರನ್ನಾಗಿಸುವ ಸ್ಥಳೀಯ ಹೆಮ್ಮೆಯನ್ನು ನಾನು ಒಪ್ಪಲಾರೆ. ಆದರೆ ಸ್ವಹಿತವನ್ನೇ ನೋಡುವವನಿಗೆ ತೆಪ್ಪಗೆ ಸಹಿ ಹಾಕಿ ಊರಿಗೆ ಮರಳುವ ದಾರಿ ತೆರೆದೇ ಇತ್ತು. ಷೀಟ್ಸ್ ಆ ದಾರಿ ಹಿಡಿಯಲಿಲ್ಲ. ಕಾರಣಗಳು ಬೆರಕೆಯಾಗಿದ್ದರೂ ಬೆಲೆ ತೆತ್ತದ್ದು ಖರೆ. ತನ್ನ ರಾಜ್ಯವೇ ಎದುರು ನಿಂತಾಗ ತನಗೆ ತೋಚಿದ್ದನ್ನು ಬಿಡದಿರುವುದಕ್ಕೆ ಬೇರೆ ಹೆಸರು ನನಗೆ ಗೊತ್ತಿಲ್ಲ.

ಮುಂದಿನ ತಲೆಮಾರುಗಳಿಗೆ ದಾಟಿದ್ದು ಪಕ್ಷದ ಹೆಸರು. ಬಹುಕಾಲ ಆ ಹೆಸರನ್ನು ಹೊರುವುದಕ್ಕೂ ಕಷ್ಟವಿತ್ತು. 1968ರಲ್ಲಿ ಜನಾಂಗೀಯ ಪ್ರತ್ಯೇಕತೆಯ ಮುಂದಾಳು ಜಾರ್ಜ್ ವಾಲೇಸ್ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಅವರ ತವರು ಅಲಬಾಮಾ ಬಹುಪಾಲು ಅವರ ಹಿಂದೆ ಹೋಯಿತು. ವಿನ್‌ಸ್ಟನ್ ಮಾತ್ರ ರಿಪಬ್ಲಿಕನ್ ಅಭ್ಯರ್ಥಿ ನಿಕ್ಸನ್ನರನ್ನು ಆರಿಸಿತು. ಆದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ದಕ್ಷಿಣದ ಬಿಳಿಯರು ನಿಧಾನಕ್ಕೆ ರಿಪಬ್ಲಿಕನ್ ಪಕ್ಷಕ್ಕೆ ಬಂದು ಸೇರಿದರು. 2020ರಲ್ಲಿ ವಿನ್‌ಸ್ಟನ್‌ನ ಪ್ರತಿ ಹತ್ತು ಮತಗಳಲ್ಲಿ ಒಂಬತ್ತು ಟ್ರಂಪ್ ಪಾಲಾದವು. ಬಹುಕಾಲ ಡೆಮಾಕ್ರಟಿಕ್ ಆಗಿದ್ದ ನೆರೆಯ ಕೌಂಟಿಗಳಲ್ಲೂ ಹೆಚ್ಚುಕಡಿಮೆ ಅಷ್ಟೇ. ಪಕ್ಷ ಬದಲಿಸಿದವರೂ ಬದಲಿಸದವರೂ ಒಂದೇ ಕಡೆ ಬಂದು ನಿಂತಿದ್ದಾರೆ. ವಿನ್‌ಸ್ಟನ್‌ನ ಪಕ್ಷದ ಹೆಸರು ಅದೇ, ಊರನ್ನು ಬೇರೆಯಾಗಿಸಿದ್ದ ಗುಣ ಹೋಗಿದೆ. ಇಂದಿನವರು ಚರ್ಚು, ಗರ್ಭಪಾತ, ಬಂದೂಕು ಇವನ್ನೆಲ್ಲ ಯೋಚಿಸಿಯೇ ಮತ ಹಾಕುತ್ತಾರೆ, ಅಜ್ಜನ ಮಾತು ಕೇಳಿ ಅಲ್ಲ ಎಂದು ಯಾರಾದರೂ ಹೇಳಿದರೆ ನಾನು ಸಂತೋಷದಿಂದ ಒಪ್ಪುತ್ತೇನೆ. ಹಾಗಿದ್ದರೆ ಅದು ಅವರ ಸ್ವಂತ ಮತ, ಅದಕ್ಕೆ ಅದರದೇ ಮರ್ಯಾದೆಯಿದೆ. ಆದರೆ ಆಗ 1861ರ ಪುಣ್ಯವನ್ನು ಅದಕ್ಕೆ ಅಂಟಿಸುವಂತಿಲ್ಲ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಪ್ರತಿಯೊಬ್ಬರೂ ಎಲ್ಲವನ್ನೂ ಬುಡದಿಂದ ವಿಚಾರಿಸಲು ಆಗದು. ಹಿರಿಯರ ಅನುಭವವೇ ನಮ್ಮ ಅರ್ಧ ವಿವೇಕ. ಪರಂಪರೆಯಿಲ್ಲದ ಆತ್ಮಸಾಕ್ಷಿ ಬರೀ ಚಪಲ. ಇದನ್ನು ತಳ್ಳಿಹಾಕಲಾಗದು. ಹಾಗಾಗಿ ಪರಂಪರೆಯಿಂದ ಏನನ್ನು ಪಡೆದರು ಎಂದು ನೋಡಬೇಕು. 1918ರಲ್ಲಿ ಇದೇ ವಿನ್‌ಸ್ಟನ್‌ನಲ್ಲಿ, ರಿಪಬ್ಲಿಕನ್ ಮನೆತನದಲ್ಲೇ ಹುಟ್ಟಿದ ಫ್ರಾಂಕ್ ಜಾನ್ಸನ್ 1955ರಲ್ಲಿ ಫೆಡರಲ್ ನ್ಯಾಯಾಧೀಶರಾದರು. ಮಾಂಟ್ಗೊಮರಿಯ ಬಸ್ಸುಗಳಲ್ಲಿ ಕರಿಯರನ್ನು ಬೇರೆ ಕೂರಿಸುವುದು ಸಂವಿಧಾನಕ್ಕೆ ವಿರುದ್ಧವೆಂದು 1956ರಲ್ಲಿ ತೀರ್ಪಿತ್ತ ಪೀಠದಲ್ಲಿ ಅವರಿದ್ದರು. 1965ರಲ್ಲಿ ಸೆಲ್ಮಾದಿಂದ ಮಾಂಟ್ಗೊಮರಿಗೆ ಮಾರ್ಟಿನ್ ಲೂಥರ್ ಕಿಂಗ್ ನಡೆಸಿದ ಮೆರವಣಿಗೆಗೆ ಅನುಮತಿ ಕೊಟ್ಟವರೂ ಅವರೇ. ಆಗ ಎದುರಿಗಿದ್ದ ರಾಜ್ಯಪಾಲ ವಾಲೇಸ್, ಕಾನೂನು ಕಾಲೇಜಿನಲ್ಲಿ ಅವರ ಸಹಪಾಠಿ. ಜಾನ್ಸನ್ನರನ್ನು ಬೆದರಿಸಲು ಅವರ ಮನೆಯಂಗಳದಲ್ಲಿ ಶಿಲುಬೆ ಸುಟ್ಟರು. 1967ರಲ್ಲಿ ಅವರ ತಾಯಿಯ ಮನೆಗೆ ಬಾಂಬಿಟ್ಟರು. ಊರಿನ ಮೊಂಡು ಸ್ವಾತಂತ್ರ್ಯವನ್ನು ಅವರು ಪಡೆದದ್ದು ಹಿರಿಯರಿಂದಲೇ. ಯಾವುದರ ವಿಷಯದಲ್ಲಿ ಮೊಂಡಾಗಬೇಕು ಎಂಬುದನ್ನು ಮಾತ್ರ, ಎದುರಿಗಿದ್ದ ಮೊಕದ್ದಮೆಯನ್ನು ಓದಿ, ತಾವೇ ತೀರ್ಮಾನಿಸಿದರು. ಷೀಟ್ಸ್‌ಗೆ ವಾರಸುದಾರರು ಯಾರು ಎಂದು ಕೇಳಿದರೆ ನಾನು ಆ ಶೇಕಡಾ ತೊಂಬತ್ತನ್ನು ತೋರಿಸಲಾರೆ, ಈ ನ್ಯಾಯಾಧೀಶರನ್ನು ತೋರಿಸುತ್ತೇನೆ.